ಪದ ಹೇಳಿದವರ ಪಾಲು

ಕಳೆದ ವರ್ಷ ಬೇಸಿಗೆ ರಜೆಯಲ್ಲಿ ತೀರ್ಥಹಳ್ಳಿ ಕಡೆಯ ನನ್ನ ತವರುಮನೆಯ ಅಟ್ಟ ಗುಡಿಸುತ್ತಿದ್ದಾಗ, ಅಡಿಕೆ ಒಣಗಿಸುವ ಹಳೆಯ ತಟ್ಟಿಗಳ ಹಿಂದೆ ಸೋದರಮಾವನ ತಗಡಿನ ಟ್ರಂಕು ಸಿಕ್ಕಿತು. ಅಮ್ಮನ ತಮ್ಮನಾದ ಅವರು 1960ರ ದಶಕದ ಕೊನೆಯಲ್ಲಿ ಸರಕು ಹಡಗೊಂದರ ಎಂಜಿನ್ ಕೋಣೆಯ ಕೆಲಸಕ್ಕೆ ಸೇರಿ, ಇಪ್ಪತ್ತು ವರ್ಷ ಬಂದರಿನಿಂದ ಬಂದರಿಗೆ ತಿರುಗಿ, ಮದುವೆಯಾಗದೆ, ಕೊನೆಗಾಲವನ್ನು ಅಕ್ಕನ ಮನೆಯಲ್ಲೇ ಕಳೆದವರು. ಟ್ರಂಕಿನೊಳಗೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಹನ್ನೊಂದು ಎಲ್‌ಪಿಗಳು, ನಿಮಿಷಕ್ಕೆ 78 ಸುತ್ತು ತಿರುಗುವ ಮೂರು ತಟ್ಟೆಗಳು, ಸೂಟ್‌ಕೇಸಿನಂತೆ ಮುಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗಬಹುದಾದ ಒಂದು ರೆಕಾರ್ಡ್ ಪ್ಲೇಯರ್ ಇದ್ದವು. ಎಲ್ಲಕ್ಕೂ ಮಳೆಗಾಲದ ಬೂಷ್ಟು ಹಿಡಿದಿತ್ತು.

ಅವರು ರಜೆಗೆ ಬಂದಾಗಲೆಲ್ಲ ಜಗುಲಿಯಲ್ಲಿ ಆ ಪ್ಲೇಯರ್ ಹಾಕುತ್ತಿದ್ದದ್ದು ನನಗೆ ನೆನಪಿದೆ. ಆಗ ನನ್ನನ್ನು ವೀಣೆಯ ಪಾಠಕ್ಕೆ ಹಾಕಿದ್ದರು. ಸರಳೆ, ಜಂಟಿ ವರಸೆಗಳಲ್ಲಿ ಮುಳುಗಿದ್ದ ಆ ಕಿವಿಗೆ ಅಮೆರಿಕದ ಕಪ್ಪು ಜನರ ಈ ಬ್ಲೂಸ್ ಹಾಡುಗಳು ಒರಟಾಗಿ ಕೇಳಿ ನಾನು ಎದ್ದು ತೋಟದ ಕಡೆ ನಡೆದುಬಿಡುತ್ತಿದ್ದೆ. ಹದಿನಾರು ವರ್ಷದ ನನ್ನ ಮಗಳು ಹಾಗೆ ಎದ್ದುಹೋಗಲಿಲ್ಲ. ಟ್ರಂಕನ್ನು ಶಿವಮೊಗ್ಗಕ್ಕೆ ತಂದು, ಗಾಂಧಿ ಬಜಾರಿನ ಹತ್ತಿರ ರೇಡಿಯೊ ಮತ್ತು ಮಿಕ್ಸಿ ರಿಪೇರಿ ಮಾಡುವ ಹಿರಿಯರೊಬ್ಬರ ಮುಂದೆ ಪ್ಲೇಯರ್ ಇಟ್ಟಳು. ಗಟ್ಟಿಯಾಗಿ ನುಣುಪಾಗಿದ್ದ ಒಳಗಿನ ರಬ್ಬರ್ ಚಕ್ರವನ್ನು ಅವರು ಉಪ್ಪುಕಾಗದದಿಂದ ಉಜ್ಜಿ, ಎಣ್ಣೆ ಬಿಟ್ಟು, ಎರಡು ವಾರದಲ್ಲಿ ತಟ್ಟೆ ತಿರುಗುವಂತೆ ಮಾಡಿಕೊಟ್ಟರು. ಅಂದು ಸಂಜೆ ನಮ್ಮ ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ ನಾಲ್ಕು ಮಕ್ಕಳು ನೆಲದ ಮೇಲೆ ಕುಳಿತು ಕೇಳಿದರು. ಅವರ ತಂಡ ಹುಟ್ಟಿದ್ದು ಆ ಸಂಜೆ ಎಂದೇ ನಾನು ಲೆಕ್ಕ ಹಿಡಿದಿದ್ದೇನೆ.

ಮೊದಲ ದಿನವೇ ಒಂದು ಅನಾಹುತ ತಪ್ಪಿತು. ಸಾಗರದ ಕಡೆಯಿಂದ ಬಂದು ಇಲ್ಲಿ ಪಿಯುಸಿ ಓದುತ್ತಿರುವ, ಮನೆತನದಿಂದಲೇ ಡೊಳ್ಳು ಬಾರಿಸುವ ಹುಡುಗನೊಬ್ಬ ಬೂಷ್ಟು ಒರೆಸಲು ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ 78ರ ತಟ್ಟೆಯ ಮೇಲೆ ಇಡುವುದರಲ್ಲಿದ್ದ. ನಾನು ಕೂಗಿ ನಿಲ್ಲಿಸಿದೆ. ಆ ತಟ್ಟೆಗಳು ಅರಗಿನವು. ಮೇಜು ಕುರ್ಚಿಗಳ ಪಾಲಿಶ್‌ಗೆ ಬಡಗಿಗಳು ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ. ಹಾಡು ಹತ್ತಿಯ ಜೊತೆಗೇ ಎದ್ದು ಬರುತ್ತಿತ್ತು. ಮರದ ರೆಂಬೆಗೆ ಕಚ್ಚಿ ಬದುಕುವ ಪುಟ್ಟ ಕೀಟ ಸುರಿಸುವ ಅಂಟೇ ಅರಗು. ಪಾಂಡವರನ್ನು ಸುಡಲು ಕಟ್ಟಿಸಿದ ಮನೆಯ ಕಥೆಯಲ್ಲಿ ನಾವೆಲ್ಲರೂ ಕೇಳಿದ್ದು ಅದರ ಹೆಸರನ್ನೇ. ವಿನೈಲ್ ಬರುವವರೆಗೆ ಜಗತ್ತಿನ ರೆಕಾರ್ಡ್ ಕಾರ್ಖಾನೆಗಳಿಗೆ ಹೋಗುತ್ತಿದ್ದ ಅರಗಿನಲ್ಲಿ ಬಹುಪಾಲು ಭಾರತದ ಕಾಡುಗಳದು. ಶಿಕಾಗೋದಲ್ಲಿ ಯಾರೋ ಹಾಡಿದ್ದು ನಮ್ಮ ಕಾಡಿನ ಅಂಟಿನ ಮೇಲೆ ಅಚ್ಚಾಗಿ, ಹಡಗಿನಲ್ಲಿ ಸುತ್ತಿ, ಮತ್ತೆ ನಮ್ಮ ಅಟ್ಟಕ್ಕೇ ಬಂದಿತ್ತು ಎಂಬ ವಿಚಾರ ನನ್ನನ್ನು ಅಂದು ರಾತ್ರಿ ಬಹಳ ಹೊತ್ತು ಮಲಗಗೊಡಲಿಲ್ಲ. ಕೊನೆಗೆ ಒದ್ದೆ ಬಟ್ಟೆಯಲ್ಲಿ, ಗೆರೆಯ ದಿಕ್ಕಿನಲ್ಲೇ, ಮೆಲ್ಲಗೆ ಒರೆಸಿದೆವು.

ಅದು ಯಾವ ಸಂಗೀತ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. 1949ರವರೆಗೆ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಕಪ್ಪು ಜನರ ಸಂಗೀತದ ಪಟ್ಟಿಯನ್ನು ‘ರೇಸ್ ರೆಕಾರ್ಡ್ಸ್’ ಎಂದು ಬೇರೆಯಾಗಿಯೇ ಅಚ್ಚು ಹಾಕುತ್ತಿತ್ತು. ಹಣೆಯ ಮೇಲೆ ಕುಲ ಬರೆದಂತಿದ್ದ ಆ ಹೆಸರನ್ನು ತೆಗೆದು ‘ರಿದಮ್ ಆ್ಯಂಡ್ ಬ್ಲೂಸ್’ ಎಂಬ ಹೆಸರು ಕೊಟ್ಟವರು ಅಲ್ಲಿ ಬರೆಯುತ್ತಿದ್ದ ಜೆರ್ರಿ ವೆಕ್ಸ್‌ಲರ್. ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ಮಾವನ ಟ್ರಂಕಿನ ಹೆಚ್ಚಿನ ತಟ್ಟೆಗಳು ಶಿಕಾಗೋದ ಚೆಸ್ ಕಂಪನಿಯವು. ಪೋಲೆಂಡಿನಿಂದ ವಲಸೆ ಬಂದಿದ್ದ ಲಿಯೊನಾರ್ಡ್ ಮತ್ತು ಫಿಲ್ ಚೆಸ್ ಎಂಬ ಅಣ್ಣತಮ್ಮಂದಿರು ನಡೆಸುತ್ತಿದ್ದ ಕಂಪನಿ ಅದು. ಅಲ್ಲಿ ಹಾಡಿದವರಲ್ಲಿ ಹಲವರು ದಕ್ಷಿಣದ ಹತ್ತಿ ಹೊಲಗಳಲ್ಲಿ ದುಡಿದು ಬಂದವರು. ಮಿಸಿಸಿಪ್ಪಿಯ ತೋಟವೊಂದರಲ್ಲಿ ಕೆಲಸ ಮಾಡುತ್ತಿದ್ದ ಮಡ್ಡಿ ವಾಟರ್ಸ್ 1943ರಲ್ಲಿ ಶಿಕಾಗೋ ಸೇರಿದರು. ಊರಿನ ಜಗುಲಿಗೆ ಸಾಕಾಗುತ್ತಿದ್ದ ಮರದ ಗಿಟಾರು ನಗರದ ಕ್ಲಬ್ಬುಗಳ ಗದ್ದಲದಲ್ಲಿ ಕೇಳಿಸದೆ ಹೋದಾಗ ಅವರು ಕರೆಂಟಿನ ಗಿಟಾರು ಹಿಡಿದರು. ಮುಂದೆ ರಾಕ್ ಎನಿಸಿಕೊಂಡದ್ದರ ಬೇರಿನ ದೊಡ್ಡ ಭಾಗ ಅಲ್ಲಿದೆ.

ಮಕ್ಕಳು ಈ ಹಾಡುಗಳನ್ನು ಕಲಿತ ಬಗೆ ನನಗೆ ಬಹಳ ಹಿಡಿಸಿತು. ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆ. ಯಾವ ಬೆರಳು ಎಲ್ಲಿ ಎಂದು ತೋರಿಸುವವರೂ ಸಾವಿರ ಜನರಿದ್ದಾರೆ. ಆದರೂ ಅವರು ತಟ್ಟೆಯನ್ನೇ ಗುರುವಾಗಿ ಹಿಡಿದರು, ಏಕೆಂದರೆ ಪ್ಲೇಯರಿನ ಗುಂಡಿಯಲ್ಲಿ 33, 45, 78ರ ಜೊತೆಗೆ 16 ಎಂಬ ಇನ್ನೊಂದು ವೇಗವಿರುವುದನ್ನು ಮಗಳು ಕಂಡುಹಿಡಿದಿದ್ದಳು. 33ರಲ್ಲಿ ತಿರುಗಬೇಕಾದ ಎಲ್‌ಪಿಯನ್ನು 16ಕ್ಕೆ ಇಟ್ಟರೆ ಹಾಡು ಸರಿಯಾಗಿ ಅರ್ಧ ವೇಗಕ್ಕೆ ಬಂದು, ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ; ಶ್ರುತಿ ಕೆಡುವುದಿಲ್ಲ. ಮಿಂಚಿ ಮಾಯವಾಗುತ್ತಿದ್ದ ಗಿಟಾರಿನ ಸಾಲು ಮಂದ್ರದಲ್ಲಿ, ಹೊಳೆಯ ಮಡುವಿನಲ್ಲಿ ಮೀನು ತಿರುಗಿದಂತೆ, ಒಂದೊಂದೇ ಸ್ವರವಾಗಿ ಕಣ್ಣಿಗೆ ಕಟ್ಟುತ್ತದೆ. ಸೂಜಿ ಎತ್ತಿ, ಅದೇ ಗೆರೆಗೆ ಇಟ್ಟು, ಮತ್ತೆ ಎತ್ತಿ, ಮತ್ತೆ ಇಟ್ಟು, ನಾಲ್ಕು ಬಾರ್‌ಗಳಿಗಾಗಿ, ಅಂದರೆ ಹದಿನಾರು ಎಣಿಕೆಗಳಿಗಾಗಿ, ಅವರು ಒಂದು ಇಡೀ ಭಾನುವಾರ ಕಳೆದದ್ದುಂಟು. ಹೊರಗೆ ಜುಲೈ ತಿಂಗಳ ಮಳೆ ಶೀಟಿನ ಮೇಲೆ ಬಡಿಯುವಾಗ ಏನೂ ಕೇಳಿಸದೆ, ನಾಲ್ವರೂ ಪ್ಲೇಯರಿನ ಪೆಟ್ಟಿಗೆಗೆ ಕಿವಿಯಿಟ್ಟು ಬಾಗಿ ಕುಳಿತಿರುತ್ತಿದ್ದರು.

ನಾನೂ ಬಾಗಿಲಲ್ಲಿ ಕುಳಿತು, ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಒಂದು ದಿನ ನನಗೇ ಬೆರಗಾಯಿತು. ಈ ಹಾಡುಗಳಲ್ಲಿ ಬಹಳಷ್ಟು ಹನ್ನೆರಡು ಬಾರ್‌ನ ಚೌಕಟ್ಟಿನವು. ಬಾರ್‌ಗೆ ನಾಲ್ಕು ಎಣಿಕೆ, ಒಟ್ಟು 48. ಎಂಟು ಎಣಿಕೆಗೆ ಒಂದು ಆವರ್ತವಾಗುವ ಆದಿತಾಳದಲ್ಲಿ ಅದು ಕರಾರುವಾಕ್ಕಾಗಿ ಆರು ಆವರ್ತ. ಮೊದಲ ಎರಡು ಆವರ್ತ ಗಿಟಾರು ಷಡ್ಜದ ಸ್ವರಮೇಳದಲ್ಲಿ, ಅಂದರೆ ಷಡ್ಜದ ಮೇಲೆ ಕಟ್ಟಿ ಒಟ್ಟಿಗೆ ಮೀಟುವ ಸ್ವರಗಳ ಗುಂಪಿನಲ್ಲಿ, ನಿಲ್ಲುತ್ತದೆ. ಮೂರನೆಯದರಲ್ಲಿ ಮಧ್ಯಮಕ್ಕೆ ಏರಿ, ನಾಲ್ಕನೆಯದರಲ್ಲಿ ಷಡ್ಜಕ್ಕೆ ಮರಳುತ್ತದೆ. ಐದನೆಯದರಲ್ಲಿ ಅರ್ಧ ಪಂಚಮ, ಅರ್ಧ ಮಧ್ಯಮ. ಆರನೆಯದರಲ್ಲಿ ಮನೆಗೆ ಬರುತ್ತದೆ. ಸಾಹಿತ್ಯದ ಲೆಕ್ಕವೂ ಅಷ್ಟೇ ಚೊಕ್ಕ: ಎರಡೆರಡು ಆವರ್ತಕ್ಕೆ ಒಂದು ಸಾಲು, ಮೊದಲ ಸಾಲನ್ನೇ ಎರಡನೆಯ ಸಲ ಹೇಳುವುದು, ಮೂರನೆಯದು ಉತ್ತರ. ಪ್ರತಿ ಸಾಲಿನಲ್ಲೂ ಹಾಡುವವರು ಸುಮಾರು ಒಂದು ಆವರ್ತ ಹಾಡಿ ಬಿಟ್ಟ ಜಾಗದಲ್ಲಿ ಗಿಟಾರೋ ಮೌತ್ ಆರ್ಗನ್ನೋ ಮಾತಾಡುತ್ತದೆ. ಹದಿಹರೆಯದವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಾರದು ಎಂದು ನಾನು ನಂಬಿದ್ದೇನೆ. ಮೂರೇ ಸ್ವರಮೇಳ ಬಂದರೆ ಒಳಗೆ ಕಾಲಿಡಬಹುದು, ಆದರೆ ಇನ್ನೊಬ್ಬರು ಮಾತು ಮುಗಿಸುವವರೆಗೆ ಕಾಯದಿದ್ದರೆ ಹಾಡು ಅಲ್ಲೇ ಕುಸಿಯುತ್ತದೆ.

ತಂಡದಲ್ಲಿ ಡ್ರಮ್ಸ್ ಬಾರಿಸುವ ಆ ಡೊಳ್ಳಿನ ಹುಡುಗನಿಗೆ ನಡೆ ಸಿಗುತ್ತಿರಲಿಲ್ಲ. ಒಂದೊಂದು ಎಣಿಕೆಯೂ ಒಳಗೆ ಮೂರಾಗಿ ಒಡೆದು, ನಡುವಿನ ಪೆಟ್ಟು ನುಂಗಿಹೋಗುವುದೇ ಆ ಸಂಗೀತದ ಓಲಾಟದ ಗುಟ್ಟು. ಅವನು ಎರಡಾಗಿ ಒಡೆದು ನೇರವಾಗಿ ಹೊಡೆಯುತ್ತಿದ್ದ. ‘ತಕಿಟ’ ಎಂದು ಹೇಳುತ್ತಾ ‘ಕಿ’ಯನ್ನು ಬಾಯೊಳಗೇ ಇಟ್ಟುಕೋ ಎಂದೆ. ಅವನು ಕಣ್ಣು ಮುಚ್ಚಿ ಎರಡು ನಿಮಿಷ ಬಾಯಲ್ಲಿ ಹೇಳಿಕೊಂಡ. ಆಮೇಲೆ ಕೋಲು ಎತ್ತಿಕೊಂಡವನು ತಪ್ಪಲೇ ಇಲ್ಲ.

ಮಗಳ ತೊಡಕು ಬೇರೆ ಬಗೆಯದು. ಅವಳು ಕಲಿಯುತ್ತಿದ್ದ ಸಾಲುಗಳ ಸ್ವರಗಳನ್ನು ವೀಣೆಯಲ್ಲಿ ಹುಡುಕಿದರೆ ಸ ಗ ಮ ಪ ನಿ, ಅಂದರೆ ನಮ್ಮ ಶುದ್ಧ ಧನ್ಯಾಸಿ ರಾಗ. ಆದರೆ ತಟ್ಟೆಯಲ್ಲಿ ಕೇಳುವ ಗಾಂಧಾರ ಕೆಳಗಿನ ಸಾಧಾರಣ ಗಾಂಧಾರವೂ ಅಲ್ಲ, ಮೇಲಿನ ಅಂತರ ಗಾಂಧಾರವೂ ಅಲ್ಲ; ಅವೆರಡರ ನಡುವೆ, ಅಳುವವರ ಗಂಟಲು ಕಟ್ಟುವ ಜಾಗದಲ್ಲಿ ಎಲ್ಲೋ ನಿಲ್ಲುತ್ತದೆ. ಗಿಟಾರಿನ ಮೆಟ್ಟಿಲುಗಳಲ್ಲಿ ಆ ಸ್ವರಕ್ಕೆ ಮನೆಯಿಲ್ಲ. ಕೋಲ್ಕತ್ತದಲ್ಲಿ ತಯಾರಾದ, ಎರಡನೆಯ ಕೈಯ ಆ ಗಿಟಾರಿನ ತಂತಿಯನ್ನು ಅವಳು ಉಂಗುರದ ಬೆರಳೊಂದರಿಂದಲೇ ಎಳೆಯಲು ಹೋಗಿ ತುದಿಯಲ್ಲಿ ಬೊಬ್ಬೆ ಎಬ್ಬಿಸಿಕೊಂಡಿದ್ದಳು. ನಾನು ಎಷ್ಟೋ ವರ್ಷಗಳ ಮೇಲೆ ವೀಣೆಯ ಗವಸು ಬಿಚ್ಚಿ, ಮೇಣದ ಮೇಲೆ ಕೂರಿಸಿದ ಮೆಟ್ಟಿಲ ಮೇಲೆ ತೋರುಬೆರಳು, ನಡುಬೆರಳು ಎರಡನ್ನೂ ಜೋಡಿಸಿಟ್ಟು, ತಂತಿಯನ್ನು ಅಲ್ಲೇ ಪಕ್ಕಕ್ಕೆ ಎಳೆದು ಗಾಂಧಾರದಿಂದ ಮಧ್ಯಮದವರೆಗೆ ಹೋಗಿ ಬಂದೆ. ಒಂದು ಬೆರಳು ಸ್ವರ ಹಿಡಿದರೆ ಇನ್ನೊಂದು ಬೆರಳು ಭಾರ ಹೊರಬೇಕು. ಅವಳು ನನ್ನ ಕೈಯನ್ನೇ ನೋಡುತ್ತಾ ಗಿಟಾರಿನಲ್ಲಿ ಉಂಗುರದ ಬೆರಳಿಗೆ ಹಿಂದಿನ ಎರಡು ಬೆರಳುಗಳ ಆಸರೆ ಕೊಟ್ಟು ಎಳೆದಳು. ಸ್ವರ ಮೆಲ್ಲಗೆ ಏರಿ ಆ ಹೆಸರಿಲ್ಲದ ಗಾಂಧಾರದಲ್ಲಿ ನಡುಗುತ್ತಾ ನಿಂತಿತು. ಇಬ್ಬರೂ ಏನೂ ಮಾತಾಡಲಿಲ್ಲ. ಬಾಲ್ಯದಲ್ಲಿ ನಾನು ಎದ್ದುಹೋಗುತ್ತಿದ್ದ ಸ್ವರ ಅದೇ.

ಈಗ ಅಜ್ಜಿಯ ಮಾತಿಗೆ ಬರುತ್ತೇನೆ. ಈ ಬರಹಕ್ಕೆ ಕಾರಣವೇ ಅದು. ಎಂಬತ್ತು ದಾಟಿದ ನನ್ನ ಅಮ್ಮ ಈಗ ನಮ್ಮ ಜೊತೆ ಶಿವಮೊಗ್ಗದಲ್ಲೇ ಇದ್ದಾಳೆ. ಮಕ್ಕಳ ಅಭ್ಯಾಸ ನಡೆಯುವಾಗ ಅವಳು ಶೀಟಿನ ಕೋಣೆಯ ಬಾಗಿಲಲ್ಲಿ ಹಲಸಿನ ಬೀಜ ಸುಲಿಯುತ್ತಲೋ ಬತ್ತಿ ಹೊಸೆಯುತ್ತಲೋ ಕುಳಿತಿರುತ್ತಾಳೆ. ಒಂದು ಸಂಜೆ ಮಡ್ಡಿ ವಾಟರ್ಸ್ ಹಾಡು ಮುಗಿದು ಸೂಜಿ ಒಳಗೆರೆಯಲ್ಲಿ ಗರಗರ ಎನ್ನುತ್ತಿದ್ದಾಗ ಅವಳು ಮೊಮ್ಮಗಳನ್ನು ಕೇಳಿದಳು, “ಇದು ನಮ್ಮ ಅಂಟಿಕೆ ಪಂಟಿಕೆಯವ್ರ ಹಾಗೇ ಇದ್ಯಲ್ಲೇ, ಒಬ್ರು ಹೇಳೋದು, ಹಿಂದಿನವ್ರು ಎತ್ಕೊಳ್ಳೋದು. ಯಾವೂರವನೇ ಇವ?”

“ಮಿಸಿಸಿಪ್ಪಿ ಅಂತ ಅಜ್ಜಿ, ಅಮೆರಿಕ. ಹತ್ತಿ ಹೊಲದಲ್ಲಿ ಕೆಲಸ ಮಾಡ್ತಿದ್ರಂತೆ.”

“ಹೂಂ, ದನಿ ಕೇಳಿದ್ರೆ ಗೊತ್ತಾಗ್ತದೆ. ಪದ ಹೇಳಿದ್ದಕ್ಕೆ ಎಷ್ಟು ಕೊಟ್ರಂತೆ ಮಾರಾಯ್ತಿ ಅವನಿಗೆ?”

ಅಂಟಿಕೆ ಪಂಟಿಕೆ ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ನಮ್ಮ ಕಡೆ ದೀಪಾವಳಿಯ ರಾತ್ರಿಗಳಲ್ಲಿ ಗಂಡಸರ ತಂಡವೊಂದು ಆರದ ದೀಪ ಹಿಡಿದು, ಮನೆಯಿಂದ ಮನೆಗೆ ಪದ ಹೇಳುತ್ತಾ ಬರುತ್ತದೆ. ಮುಮ್ಮೇಳದವರು ಸೊಲ್ಲು ಎತ್ತುತ್ತಾರೆ, ಹಿಮ್ಮೇಳದವರು ಅದನ್ನೇ ಮರಳಿ ಹೇಳುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ದುಡ್ಡು ಕೊಟ್ಟು ಕಳಿಸುತ್ತಾರೆ. ಪದ ಹೇಳಿದವರನ್ನು ಬರಿಗೈಯಲ್ಲಿ ಕಳಿಸಿದ ದೀಪಾವಳಿ ಅಮ್ಮನ ನೆನಪಿನಲ್ಲಿ ಒಂದೂ ಇಲ್ಲ. ಆದ್ದರಿಂದ ಅವಳಿಗೆ ಆ ಪ್ರಶ್ನೆ ಸಹಜವಾದದ್ದು. ಮಗಳ ಬಳಿ ಉತ್ತರವಿರಲಿಲ್ಲ. ಅವಳು ಹುಡುಕಲು ಕುಳಿತಳು, ಹುಡುಕಿದಷ್ಟೂ ಮುಖ ಸಪ್ಪಗಾಯಿತು.

ಆರ್ಥರ್ ಕ್ರುಡಪ್ ಎಂಬವರು 1946ರಲ್ಲಿ ಧ್ವನಿಮುದ್ರಿಸಿದ ಹಾಡೊಂದನ್ನು 1954ರಲ್ಲಿ ಮೆಂಫಿಸ್ ನಗರದಲ್ಲಿ ಹತ್ತೊಂಬತ್ತು ವರ್ಷದ ಎಲ್ವಿಸ್ ಪ್ರೆಸ್ಲಿ ಹಾಡಿ ತನ್ನ ಮೊದಲ ತಟ್ಟೆಯಾಗಿ ಹೊರತಂದ. ಲೋಕವೇ ಆ ಹುಡುಗನ ಕಡೆ ತಿರುಗಿತು. ಕ್ರುಡಪ್ ಕೂಲಿ ಕೆಲಸ ಮಾಡುತ್ತಲೇ ದಿನ ದೂಡಿ, ಸಲ್ಲಬೇಕಾದ ರಾಯಧನದ ಬಹುಪಾಲು ಕೈಸೇರದೆಯೇ 1974ರಲ್ಲಿ ತೀರಿಕೊಂಡರು. ನಮ್ಮ ತಂಡದಲ್ಲಿ ಹಾಡುವ ಹುಡುಗಿಗೆ ದೇವರ ಸಮಾನರಾದ ಬಿಗ್ ಮಾಮಾ ಥಾರ್ನ್‌ಟನ್ ಅವರ ಕಥೆಯೂ ಹೀಗೆಯೇ. ಅವರು 1952ರಲ್ಲಿ ಹಾಡಿದ ಹಾಡು ಮರುವರ್ಷ ರಿದಮ್ ಆ್ಯಂಡ್ ಬ್ಲೂಸ್ ಪಟ್ಟಿಯ ತುದಿಗೇರಿತ್ತು. 1956ರಲ್ಲಿ ಅದೇ ಹಾಡನ್ನು ಎಲ್ವಿಸ್ ಹಾಡಿದ ಮೇಲೆ ಜನ ಅದನ್ನು ಅವನದೆಂದೇ ತಿಳಿದರು. ಹತ್ತಿರ ಹತ್ತಿರ ಆರಡಿ ಎತ್ತರದ, ಗಂಡಸರ ಶರ್ಟು ತೊಟ್ಟು, ಮೌತ್ ಆರ್ಗನ್ ಬಾರಿಸಿ ಹಾಡುತ್ತಿದ್ದ ಆ ತಾಯಿ 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬಡತನದಲ್ಲೇ ಕೊನೆಯುಸಿರೆಳೆದರು. ಚೆಸ್ ಕಂಪನಿಗೆ ಹಾಡು ಬರೆಯುತ್ತಿದ್ದ ವಿಲ್ಲಿ ಡಿಕ್ಸನ್ ಮಾತ್ರ ಬಿಡಲಿಲ್ಲ. ಮಡ್ಡಿ ವಾಟರ್ಸ್‌ಗಾಗಿ ತಾವು ಬರೆದ ಸಾಲುಗಳು ಇಂಗ್ಲೆಂಡಿನ ರಾಕ್ ತಂಡ ಲೆಡ್ ಜೆಪ್ಪೆಲಿನ್‌ನ 1969ರ ಹಾಡೊಂದರಲ್ಲಿ ಸೇರಿವೆ ಎಂದು 1985ರಲ್ಲಿ ದಾವೆ ಹೂಡಿದರು, 1987ರಲ್ಲಿ ರಾಜಿಯಾಯಿತು. ಚೆಸ್ ಸ್ಟುಡಿಯೊ ಇದ್ದ ಶಿಕಾಗೋದ ಆ ಹಳೆಯ ಕಟ್ಟಡದಲ್ಲಿ ಇಂದು ಇರುವುದು ಡಿಕ್ಸನ್ ಕಟ್ಟಿದ ಬ್ಲೂಸ್ ಹೆವನ್ ಫೌಂಡೇಶನ್.

“ಹಾಗಾದ್ರೆ ನಾವೂ ಕದಿಯುತ್ತಾ ಇದೀವಾ ಅಮ್ಮ?” ಎಂದು ಮಗಳು ಕೇಳಿದಾಗ ನಾನು ಕೂಡಲೇ ಉತ್ತರ ಕೊಡಲಿಲ್ಲ. ನಾನು ಒಂಬತ್ತು ವರ್ಷ ನನ್ನ ಟೀಚರ ಬೆರಳನ್ನೇ ನೋಡಿ ಕಲಿತವಳು. ನುಡಿಸಿದ ಒಂದು ಗಮಕವೂ ನನ್ನದಾಗಿರಲಿಲ್ಲ. ಅದನ್ನು ಯಾರೂ ಕಳ್ಳತನ ಎನ್ನಲಿಲ್ಲ, ಏಕೆಂದರೆ ಯಾರ ಶಿಷ್ಯೆ ಎಂದು ಕೇಳಿದರೆ ಹೇಳುವುದಕ್ಕೆ ಒಂದು ಹೆಸರಿತ್ತು, ಗುರುದಕ್ಷಿಣೆ ಎಂಬ ಒಂದು ಕ್ರಮವಿತ್ತು. ಅವಳಿಗೆ ಅದನ್ನೇ ಹೇಳಿದೆ. ಜೊತೆಗೆ ಇನ್ನಿಬ್ಬರು ಹುಡುಗರ ಕಥೆಯನ್ನೂ ಹೇಳಿದೆ. 1961ರ ಅಕ್ಟೋಬರ್ 17ರಂದು ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಹದಿನೇಳರ ಕೀತ್ ರಿಚರ್ಡ್ಸ್, ಪ್ರಾಥಮಿಕ ಶಾಲೆಯಲ್ಲಿ ತನ್ನ ಜೊತೆಗಿದ್ದ ಹದಿನೆಂಟರ ಮಿಕ್ ಜಾಗರ್‌ನನ್ನು ಬಹಳ ಕಾಲದ ಮೇಲೆ ಕಂಡ. ಮಾತು ಬೆಳೆದದ್ದು ಮಿಕ್ ಕಂಕುಳಲ್ಲಿದ್ದ ಚಕ್ ಬೆರಿ ಮತ್ತು ಮಡ್ಡಿ ವಾಟರ್ಸ್ ತಟ್ಟೆಗಳಿಂದ. ಮರುವರ್ಷ ಕಟ್ಟಿದ ತಂಡಕ್ಕೆ ಹೆಸರು ಬಂದದ್ದು ಮಡ್ಡಿ ವಾಟರ್ಸ್ ಅವರ 1950ರ ಹಾಡೊಂದರಿಂದ: ರೋಲಿಂಗ್ ಸ್ಟೋನ್ಸ್. ಅವರಿಗೆ ಸಿಕ್ಕಿದ ಹಣ, ಕೀರ್ತಿಗಳ ಎದುರು ಮೂಲದವರಿಗೆ ಸಿಕ್ಕಿದ್ದು ಏನೇನೂ ಅಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ 1965ರ ಮೇ ತಿಂಗಳಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದು ಕರೆದಾಗ, ಚೆಸ್ ಕಂಪನಿಯ ಹಿರಿಯ ಬ್ಲೂಸ್ ಹಾಡುಗಾರ ಹೌಲಿನ್ ವುಲ್ಫ್ ಅವರನ್ನೂ ಕರೆಯಬೇಕೆಂದು ಆ ಹುಡುಗರು ಪಟ್ಟುಹಿಡಿದರು. ಐವತ್ತೈದರ ಸಮೀಪದ ಆ ಅಜಾನುಬಾಹು ಹಾಡುವಾಗ ಅವರ ಕಾಲಬುಡದಲ್ಲಿ ಕುಳಿತು ಕೇಳಿದರು. ಮಗಳು ಆ ದೃಶ್ಯವನ್ನು ಹುಡುಕಿ ನಾಲ್ಕೈದು ಸಲ ನೋಡಿದಳು. ಮರುದಿನ ನಾಲ್ವರೂ ಸೇರಿ ಒಂದು ಕಟ್ಟಳೆ ಮಾಡಿಕೊಂಡರು: ಎಲ್ಲಿ ನುಡಿಸಿದರೂ ಹಾಡಿಗೆ ಮೊದಲು ಅದನ್ನು ಹಾಡಿದವರ ಹೆಸರು, ಊರು ಹೇಳಬೇಕು.

ಹೇಳುವ ಅವಕಾಶ ಸುಲಭಕ್ಕೆ ಸಿಗಲಿಲ್ಲ. ಕಾಲೇಜೊಂದರ ವಾರ್ಷಿಕೋತ್ಸವದಲ್ಲಿ ಹದಿನೈದು ನಿಮಿಷ ಕೊಡುವುದಾಗಿ ಹೇಳಿದ್ದವರು, ಹಿಂದಿನ ದಿನ ಸಂಜೆ ಕರೆದು, ಸಿನಿಮಾ ಹಾಡಾದರೆ ಸರಿ, ಇಲ್ಲವಾದರೆ ಬೇಡ ಎಂದರು. ಮಕ್ಕಳು ಆಂಪ್ಲಿಫೈಯರನ್ನು ಆಟೋದಲ್ಲಿ ಹೇರಿಕೊಂಡು ಮಳೆಯಲ್ಲಿ ವಾಪಸು ಬಂದದ್ದನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಮಳೆಯ ಊರಾದ ಶಿಲ್ಲಾಂಗ್‌ನಲ್ಲಿ 2003ರಲ್ಲಿ ಆರಂಭವಾದ ಸೋಲ್‌ಮೇಟ್ ಎಂಬ ಬ್ಲೂಸ್ ತಂಡವನ್ನು ದೇಶವೇ ಕೇಳುತ್ತದೆ. ನಮ್ಮ ಮಳೆಯ ಊರಿನಲ್ಲಿ ಹದಿನೈದು ನಿಮಿಷ ಕೇಳುವ ತಾಳ್ಮೆ ಇರಬೇಕಿತ್ತು. ಕೊನೆಗೆ ಅವರನ್ನು ಕರೆದದ್ದು ಪರಿಚಿತರ ಮದುವೆಯ ಆರತಕ್ಷತೆಗೆ, 4,000 ರೂಪಾಯಿಗೆ. ಹಳೆಯ ಕನ್ನಡ ಸಿನಿಮಾ ಹಾಡುಗಳ ನಡುವೆ ತಮ್ಮವು ಮೂರನ್ನು ಸೇರಿಸಿದ್ದರು. “ಇದು ಆರ್ಥರ್ ಕ್ರುಡಪ್ ಅವರ ಹಾಡು, ಅವರು ಮಿಸಿಸಿಪ್ಪಿಯವರು” ಎಂದು ಮಗಳು ಮೈಕಿನಲ್ಲಿ ಹೇಳಿದಾಗ ಊಟದ ಸಾಲಿಗೆ ಹೊರಟವರು ಯಾರೂ ತಿರುಗಿ ನೋಡಲಿಲ್ಲ. ಅವಳು ಆ ಹೆಸರನ್ನು ಸ್ಪಷ್ಟವಾಗಿ, ಅವಸರವಿಲ್ಲದೆ, ಎರಡು ಸಲ ಹೇಳಿದಳು. ಡೊಳ್ಳಿನ ಹುಡುಗ ಕೋಲು ತಟ್ಟಿ ನಾಲ್ಕು ಎಣಿಸಿದ. ಎರಡನೆಯ ಹಾಡಿನ ಹೊತ್ತಿಗೆ ಅಡುಗೆಯವರಿಬ್ಬರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದರು.

ಮನೆಗೆ ಬಂದ ಮೇಲೆ ದುಡ್ಡು ಹಂಚುವಾಗ ಅವರು ನಾಲ್ಕು ಪಾಲಿನ ಬದಲು ಐದು ಪಾಲು ಮಾಡಿದರು. ಐದನೆಯ 800 ರೂಪಾಯಿ ಯಾರಿಗೆ ಎಂದು ನಾನು ಕೇಳಿದೆ. ಅಜ್ಜಿ ಕೇಳಿದ ಪ್ರಶ್ನೆಗೆ, ಎಂದಳು ಮಗಳು. ಕೊಡಬೇಕಾದವರು ಯಾರೂ ಉಳಿದಿಲ್ಲ. ಆ ನೋಟುಗಳು ತಿಂಗಳುಗಟ್ಟಲೆ ಥಾರ್ನ್‌ಟನ್ ಅವರ ತಟ್ಟೆಯ ಲಕೋಟೆಯೊಳಗೇ ಇದ್ದವು.

ದೀಪಾವಳಿಗೆ ಅಮ್ಮನನ್ನು ಕರೆದುಕೊಂಡು ತವರಿಗೆ ಹೋದೆವು. ಉಳಿದ ಮೂವರು ಮಕ್ಕಳೂ ಬಂದಿದ್ದರು. ಬಲಿಪಾಡ್ಯಮಿಯ ರಾತ್ರಿ, ಹನ್ನೊಂದು ದಾಟಿದ ಮೇಲೆ, ತೋಟದಾಚೆ ದೀಪ ಕಂಡಿತು, ಪದ ಕೇಳಿಸಿತು. ಅಮ್ಮ ಎಣ್ಣೆಯ ಗಿಂಡಿ ಹಿಡಿದು ಜಗುಲಿಗೆ ಬಂದಳು. ತಂಡದವರು ಅಂಗಳದಲ್ಲಿ ನಿಂತು ಬಾಗಿಲಿನ ಪದ ಮುಗಿಸಿದ ಮೇಲೆ, ಮಗಳು ಮೊರದಲ್ಲಿ ಅಕ್ಕಿ, ಕಾಯಿಯ ಪಕ್ಕಕ್ಕೆ ಆ 800 ರೂಪಾಯಿಯನ್ನೂ ಇಟ್ಟು ತಂದಳು. ದೀಪ ಹಿಡಿದಿದ್ದ ಹಿರಿಯರು ನೋಟು ನೋಡಿ ಅಮ್ಮನ ಕಡೆ ತಿರುಗಿದರು.

“ಇಷ್ಟೆಲ್ಲ ಯಾಕ್ರಮ್ಮ? ಯಾವ ಲೆಕ್ಕದ್ದು ಇದು?”

“ಪದದ ದುಡ್ಡು” ಎಂದಳು ಮಗಳು.

ಅವರು ಹೆಚ್ಚು ಕೇಳಲಿಲ್ಲ. “ಹಾಗಾದ್ರೆ ಇನ್ನೊಂದು ಹೇಳಿಯೇ ಹೋಗೋದು, ಕೂತ್ಕೊಳ್ಳಿ” ಎಂದು ದೀಪವನ್ನು ಮೆಟ್ಟಿಲ ಮೇಲಿಟ್ಟು ಹಿಂದಿನವರಿಗೆ ಸನ್ನೆ ಮಾಡಿದರು. ಡೊಳ್ಳಿನ ಹುಡುಗನ ಬೆರಳುಗಳು ಆಗಲೇ ಮಂಡಿಯ ಮೇಲೆ ಎಣಿಕೆ ಹಿಡಿದಿದ್ದವು. ಸೊಲ್ಲು ಎತ್ತುವ ಮೊದಲು ಮಗಳು ಒಂದು ನಿಮಿಷ ನಿಲ್ಲಿಸಿ, ಎದುರಿಗಿದ್ದ ಏಳೂ ಜನರ ಹೆಸರು, ಊರು ಕೇಳಿ ಬರೆದುಕೊಂಡಳು.